ಸೊಂಟ

ಓತಾರಾ ಸಂತೆ, ಶನಿವಾರ, ಬೆಳಗಿನ ಏಳು.
ಕೆಸುವಿನ ಗೆಡ್ಡೆಯ ಮಣ್ಣು ಕೆರೆಯುತ್ತ ಕೂತಿದ್ದೆ.
ನೀನು ಬಂದೆ, ಸಿಯಾವೋಸಿ,
ಹೊಸ ಹಲ್ಲುಸೆಟ್ಟಿನವರು ನಗುವ ಹಾಗೆ
ಎಚ್ಚರದಿಂದ ನಡೆಯುತ್ತ.

ಮೊದಲೆಲ್ಲ ಅದು ಕಾರಿನ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು.
ಪೆಟ್ಟಿಗೆಗೆ ಬೀಗ, ಬೀಗಕ್ಕೆ ಕೀಲಿ,
ಕೀಲಿ ತಿರುಗಿಸುವ ಮುನ್ನ ಮೇಲಿನವರಿಗೊಂದು ಮಾತು.
ಅಷ್ಟು ಹೊತ್ತಿನಲ್ಲಿ ಎಷ್ಟೋ ಸಿಟ್ಟು
ಒಲೆಯಿಂದಿಳಿಸಿದ ಹಾಲಿನ ಹಾಗೆ ತಾನಾಗಿ ಕೂರುತ್ತಿತ್ತು.
ಈಗ ಚಳಿಗಾಲ ಮುಗಿಯುವ ತನಕ ಪ್ರಯೋಗವಂತೆ.
ನಮ್ಮ ಬೀದಿಗಳಲ್ಲೇ ಯಾಕೆ ಅಂತ ಕೇಳಿದರೆ
ನಕ್ಷೆ ಬಿಡಿಸಿ ತೋರಿಸುತ್ತಾರೆ.
ನಕ್ಷೆಯಲ್ಲಿ ನಮಗೆ ಕೆಂಪು ಬಣ್ಣ.

ನಿನ್ನ ಬಲ ಸೊಂಟ ನನಗೆ ಗೊತ್ತು ಕಣೋ.
ಹದಿಮೂರು ವರ್ಷದವನು ನೀನು
ತಂಗಿಯನ್ನು ಅಲ್ಲೇ ಕೂರಿಸಿಕೊಂಡು
ಬಸ್ಸಿಗೆ ಕಾಯುತ್ತಿದ್ದೆ, ಗೊಣ್ಣೆ ಒರೆಸುತ್ತಿದ್ದೆ,
ಚರ್ಚಿನಲ್ಲಿ ಅವಳು ನಿದ್ದೆ ಹೋದರೆ ಆ ಪಕ್ಕಕ್ಕೇ ವಾಲಿ ನಿಂತು
ಇಡೀ ಸಾಲಿನ ಶ್ರುತಿ ತಪ್ಪಿಸುತ್ತಿದ್ದೆ.
ಇವತ್ತು ಆ ಜಾಗದಲ್ಲಿ ಇನ್ನೇನೋ ಕೂತಿದೆ.

ಬುಟ್ಟಿ ಎತ್ತಿಕೊಡು ಅಂದೆ.
ನೀನು ಕೂಡಲೇ ಬಗ್ಗಲಿಲ್ಲ. ಮೊದಲು ಸುತ್ತ ನೋಡಿದೆ,
ಅದರ ಮೇಲೆ ಕೈಯಿಟ್ಟೆ.
ಆ ನೋಟಕ್ಕೆ ಪಕ್ಕದಂಗಡಿಯ ಹುಡುಗರು
ಯಾರೂ ಹೇಳದೆ
ಜೇಬಿನಿಂದ ಕೈ ಹೊರತೆಗೆದರು.

ಹೊಹೇಪಾನ ಸುದ್ದಿ ನಿನಗೆ ಹೇಳಿರಲಿಲ್ಲ.
ಕಳೆದ ಜುಲೈ, ರಾತ್ರಿ ಒಂದೂವರೆ, ಲಾಂಡ್ರಿಯೊಳಗೆ
ಮೀನು ಸೀಳುವ ಚಾಕು ಹಿಡಿದು
ತಿರುಗುವ ಯಂತ್ರದ ಜೊತೆ ಜಗಳಕ್ಕೆ ನಿಂತಿದ್ದ.
ನಾವು ಮೂವರು ಹೆಂಗಸರು, ಹಳದಿ ಅಂಗಿ, ಒಂದು ಟಾರ್ಚು,
ಅದರ ಬ್ಯಾಟರಿಯೂ ಅರ್ಧ.
ಮಂಡಿ ನಡುಗಿತು, ಸುಳ್ಳು ಯಾಕೆ.
ಬಾಗಿಲಲ್ಲಿ ಬುಟ್ಟಿ ಬೋರಲು ಹಾಕಿ ಕೂತು ಅಂದೆ:
ನಿನ್ನಜ್ಜಿ ಹೋದದ್ದು ತಿಳಿಯಿತು, ಮಣ್ಣಿಗೆ ಬರಲಾಗಲಿಲ್ಲ.
ಆಮೇಲೆ ಮೂರು ಗಂಟೆ ನಲವತ್ತು ನಿಮಿಷ.
ಯಂತ್ರ ಎಂದೋ ನಿಂತಿತ್ತು. ಒಳಗೆ ಯಾರದೋ ಬಟ್ಟೆ.
ಅವನು ಒಂದೊಂದೇ ತೆಗೆದು ಮಡಚತೊಡಗಿದ.
ಮಡಚಲು ಎರಡೂ ಕೈ ಬೇಕಲ್ಲ,
ಚಾಕುವನ್ನು ಸೋಪಿನ ಡಬ್ಬದ ಮೇಲಿಟ್ಟ.

ಹಾಗಂತ ಎಲ್ಲಕ್ಕೂ ಮಾತೇ ಮದ್ದು ಅನ್ನುವವಳಲ್ಲ ನಾನು.
ಸಲೋಟೆಯ ಗಂಡ ಬಾಗಿಲು ಮುರಿದ ರಾತ್ರಿ
ಅವನ ಕೈಯಲ್ಲಿ ಹಂದಿ ಹೊಡೆಯುವ ಬಂದೂಕಿತ್ತು.
ಬೇಲಿಯ ಹಿಂದೆ ಮಲಗಿ ನಾನೂ ಬೇಡಿದೆ,
ಬರಲಿ ದೇವರೇ, ಬಂದೂಕಿನವರೇ ಬರಲಿ.
ಬಂದರು.
ತಡವಾಗಿ ಬಂದರು.
ಅವಳ ಚಪ್ಪಲಿ ನಮ್ಮ ಮೆಟ್ಟಿಲ ಕೆಳಗಿದೆ ಇನ್ನೂ, ಒಂದೇ ಒಂದು.
ಆ ರಾತ್ರಿಯ ಸಾಲವನ್ನು
ಈ ಬೆಳಗಿನ ಸಂತೆಯಿಂದ ಯಾಕೆ ವಸೂಲು ಮಾಡುತ್ತೀರಿ?
ಹಾವಿಲ್ಲದ ದೇಶ ಇದು, ಸಿಯಾವೋಸಿ.
ಇಲ್ಲಿ ಹಗಲಿಡೀ ಕೋಲೆತ್ತಿ ನಡೆದರೆ
ಹೆದರುವುದು ಹಗ್ಗಗಳು.

ನಿನ್ನನ್ನು ಬೈಯುತ್ತಿಲ್ಲ. ನಿನಗೂ ರಾತ್ರಿ ನಿದ್ದೆಯಿಲ್ಲ,
ನಿನ್ನ ಹೆಂಡತಿ ಹೇಳಿದಳು,
ಮಗು ಓಡಿ ಬಂದರೆ ಎಡಗಡೆಯಿಂದ ಬಾ ಅನ್ನುತ್ತೀಯಂತೆ,
ಬೆಲ್ಟು ಬಿಚ್ಚಿಟ್ಟ ಮೇಲೂ.

ಬುಧವಾರ ಸಭೆ. ಹಳದಿ ಅಂಗಿಯವರ ಪರವಾಗಿ
ಮಸೀನಾ ಮಾತಾಡಲಿ ಎಂದಿದ್ದಾರೆ, ಮೂರು ನಿಮಿಷ.
ಮೂರು ನಿಮಿಷದಲ್ಲಿ ಹೊಹೇಪಾ
ನನ್ನ ಮುಖವನ್ನೂ ನೋಡಿರಲಿಲ್ಲ.
ಬ್ಯಾಟರಿಯನ್ನಾದರೂ ಕೇಳಿ ಬರುತ್ತೇನೆ.

ಗೆಡ್ಡೆ ತೂಗಿಟ್ಟಿದ್ದೇನೆ, ನಿನ್ನಮ್ಮನಿಗೆ ಕೊಡು.
ಹಾಗಲ್ಲ,
ಎರಡೂ ಕೈಯಲ್ಲಿ ಹಿಡಿ.
ಭಾರವಿದೆ.